ಅಂಗಳಕ್ಕೆ ಬಂದ ಶಾಲೆ

‘ಅಂಗನವಾಡಿ’ ಎಂದೊಡನೆ ನಮಗೆ ನೆನಪಾಗುವುದು ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕದ ತಕ್ಕಡಿ. ಆದರೆ ಈ ಹೆಸರು ಹುಟ್ಟಿದ್ದು ಆಹಾರ ಹಂಚಿಕೆಯಿಂದಲ್ಲ, ಶಾಲೆಗೆ ಬಾರದ ಮಕ್ಕಳ ಹಟದಿಂದ. ಮರಾಠಿಯ ‘ಅಂಗಣ’ವೆಂದರೆ ನಮ್ಮ ಅಂಗಳವೇ. ಅಲ್ಲಿಗೆ ಶಾಲೆಯನ್ನು ಒಯ್ದವರು ತಾರಾಬಾಯಿ ಮೋಡಕ್.

1892ರಲ್ಲಿ ಹುಟ್ಟಿದ ತಾರಾಬಾಯಿ ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆ. ಪತಿಯಿಂದ ಬೇರೆಯಾದ ಮೇಲೆ ರಾಜಕೋಟೆಯಲ್ಲಿ ಮಹಿಳಾ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲೆಯಾದರು. ಆ ಕಾಲಕ್ಕೆ ಅದು ದೊಡ್ಡ ಹುದ್ದೆಯೇ. ಅದನ್ನು ಬಿಟ್ಟು ಅವರು ಹೋದದ್ದು ಭಾವನಗರಕ್ಕೆ. ಅಲ್ಲಿ ಗಿಜುಭಾಯಿ ಬಧೇಕಾ ಮಾಂಟೆಸ್ಸರಿ ಪದ್ಧತಿಯಲ್ಲಿ ಬಾಲಮಂದಿರ ನಡೆಸುತ್ತಿದ್ದರು. ಇಬ್ಬರೂ ಸೇರಿ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ಹೊಡೆಯದೆ, ಹೆದರಿಸದೆ ಕಲಿಸುವುದು ಸಾಧ್ಯವೆಂದು ತಾಯ್ತಂದೆಯರನ್ನು ಒಪ್ಪಿಸುವುದು ಆಗ ಸುಲಭವಾಗಿರಲಿಲ್ಲ (ಈಗಲೂ ಸುಲಭವೇನಲ್ಲ!).

ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ಒಗ್ಗಿದ ಈ ಪದ್ಧತಿ ಹಳ್ಳಿಗೆ ಒಗ್ಗೀತೇ? ಮಾಂಟೆಸ್ಸರಿ ಸಲಕರಣೆಗಳೋ ದುಬಾರಿ. 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಕಡಲತೀರದ ಬೋರ್ಡಿಯಲ್ಲಿ ತಾರಾಬಾಯಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ತೆರೆದಾಗ ಅವರ ಮುಂದಿದ್ದದ್ದು ಇದೇ ಪ್ರಶ್ನೆ. ಚಿಪ್ಪು, ಬೀಜ, ಕಲ್ಲು, ಎಲೆಗಳೇ ಕಲಿಕೆಯ ಸಾಮಗ್ರಿಯಾದವು. ಅದೇ ವರ್ಷ ಅವರ ಜೊತೆಗೂಡಿದ ಅನುತಾಯಿ ವಾಘ್ ಬಾಲ್ಯದಲ್ಲೇ ವಿಧವೆಯಾಗಿ, ಓದಿ, ಶಿಕ್ಷಕಿಯಾಗಿದ್ದವರು.

ಬಡವರ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಅದಕ್ಕಾಗಿ ಶಿಕ್ಷಕಿಯರೇ ಅವರ ಕೇರಿಗೆ ಹೋದರು. ಮನೆಯಂಗಳದಲ್ಲೇ ಮಕ್ಕಳ ತಲೆ ಬಾಚಿ, ಮುಖ ತೊಳೆಸಿ, ಹಾಡು ಹೇಳಿಕೊಟ್ಟರು. ಅದೇ ಅಂಗನವಾಡಿ. 1957ರಲ್ಲಿ ಕೇಂದ್ರವು ಕೋಸಬಾಡದ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಹೋಯಿತು. ಅಲ್ಲಿನ ಅಡ್ಡಿಗಳೇ ಬೇರೆ. ಹುಡುಗರು ದನ ಕಾಯಬೇಕು. ಸರಿ, ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು. ಅಕ್ಕಂದಿರು ತಮ್ಮ–ತಂಗಿಯರನ್ನು ಎತ್ತಿಕೊಳ್ಳಬೇಕು. ಸರಿ, ಶಿಶುಪಾಲನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರೂ ಒಂದೇ ಆವರಣಕ್ಕೆ ಬಂದು ‘ವಿಕಾಸವಾಡಿ’ಯಾಯಿತು. ಮಗು ಶಾಲೆ ಬಿಟ್ಟರೆ ದೋಷ ಶಾಲೆಯದು ಎಂಬಂತೆ ನಡೆದುಕೊಂಡದ್ದು ತಾರಾಬಾಯಿಯ ನಿಜವಾದ ಹೊಸತನ ಎಂದು ನನಗೆ ತೋರುತ್ತದೆ.

1962ರಲ್ಲಿ ಪದ್ಮಭೂಷಣ ಪಡೆದ ಅವರು 1973ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ, 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ.ನರಸೀಪುರಕ್ಕೆ. ಅದರ ಕೇಂದ್ರಗಳಿಗೆ ಇಟ್ಟ ಹೆಸರು ಅಂಗನವಾಡಿ. ಹೆಸರಿನ ಜೊತೆ ಆಟಪಾಠವೂ ಬಂತಾದರೂ ಅನ್ನದ ಪಾತ್ರೆಯ ಹಿಂದೆ ಅದು ಮರೆಯಾದದ್ದೇ ಹೆಚ್ಚು. ಕೋಸಬಾಡದಲ್ಲಿ ಮಾತ್ರ ಅನುತಾಯಿ 1992ರಲ್ಲಿ ಕೊನೆಯುಸಿರೆಳೆಯುವವರೆಗೂ ಆ ಕೆಲಸ ಬಿಡಲಿಲ್ಲ.