ರೆಕ್ಕೆಯ ಲೆಕ್ಕ, ಹುಳುವಿನ ಸಾಕ್ಷ್ಯ: ತೆರಕಣಾಂಬಿ ಸೀಮೆಯಿಂದ ನೋಡಿದ ಪತಂಗ–ಚಿಟ್ಟೆ ವರ್ಗೀಕರಣದ ಚರಿತ್ರೆ

ಪೀಠಿಕೆ

ತೆರಕಣಾಂಬಿ ಚಾಮರಾಜನಗರ–ಗುಂಡ್ಲುಪೇಟೆ ರಸ್ತೆಯ ಮೇಲಿರುವ ಹೋಬಳಿ ಕೇಂದ್ರ. ನೈಋತ್ಯಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮತ್ತು ಬಂಡೀಪುರದ ಕಾಡು, ಅದರಾಚೆ ನೀಲಗಿರಿ. ಪೂರ್ವಕ್ಕೆ ಹೋದರೆ ಚಾಮರಾಜನಗರ, ಸಂತೇಮರಹಳ್ಳಿ, ಯಳಂದೂರು, ಕೊಳ್ಳೇಗಾಲಗಳ ಹಿಪ್ಪುನೇರಳೆ ತೋಟಗಳು. ಪತಂಗಗಳನ್ನು ಕುರಿತ ಎರಡು ಬಗೆಯ ತಿಳಿವಳಿಕೆ ಈ ಎರಡು ದಿಕ್ಕುಗಳಲ್ಲಿ ಒಂದರ ಅರಿವು ಇನ್ನೊಂದಕ್ಕಿಲ್ಲದೆ ಬೆಳೆಯಿತು. ನೀಲಗಿರಿಯಲ್ಲಿ ಸಂಗ್ರಹಕಾರರು ಪತಂಗವನ್ನು ಸೂಜಿಗೆ ಚುಚ್ಚಿ ರೆಕ್ಕೆಯ ನರಗಳನ್ನು ಎಣಿಸಿದರು. ಬಯಲಿನ ರೈತರು ಮತ್ತು ರೇಷ್ಮೆ ಇಲಾಖೆಯವರು ಮೊಟ್ಟೆ ಯಾವಾಗ ಒಡೆಯುತ್ತದೆ, ಹುಳು ಎಷ್ಟು ದಿನ ಸೊಪ್ಪು ತಿನ್ನುತ್ತದೆ, ಗೂಡಿನ ಬಣ್ಣ ಯಾವುದು ಎಂಬುದರ ಮೇಲೆ ತಳಿಗಳನ್ನು ಬೇರ್ಪಡಿಸಿದರು.

ಮೊದಲನೆಯದನ್ನು ವಿಜ್ಞಾನವೆಂದೂ ಎರಡನೆಯದನ್ನು ಕಸುಬೆಂದೂ ಕರೆಯುವುದು ರೂಢಿ. ಆದರೆ ಕಳೆದ ಮೂರು ದಶಕಗಳ ವಂಶವಾಹಿ ಸಂಶೋಧನೆ ಈ ಭೇದವನ್ನು ಸಡಿಲಿಸಿದೆ. ರೆಕ್ಕೆಯೊಂದನ್ನೇ ನಂಬಿದ ಕಡೆ ವರ್ಗೀಕರಣ ಮತ್ತೆ ಮತ್ತೆ ಎಡವಿದೆ. ಹುಳುವಿನ ಬದುಕನ್ನು ಗಮನಿಸಿದ ಕಡೆ ಅದು ಗಟ್ಟಿಯಾಗಿ ನಿಂತಿದೆ. ಈ ಮಾತನ್ನು ನಮ್ಮ ನೆಲದ ನಿದರ್ಶನಗಳಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಲಿನೇಯಸ್‌ನಿಂದ ನೀಲಗಿರಿಯವರೆಗೆ

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ಹೊರತಂದ ‘ಸಿಸ್ಟಮಾ ನೇಚುರೆ’ಯ ಹತ್ತನೇ ಆವೃತ್ತಿಯಲ್ಲಿ ರೆಕ್ಕೆಯ ಮೇಲೆ ಪುಡಿಯಂಥ ಶಲ್ಕಗಳಿರುವ ಕೀಟಗಳೆಲ್ಲ ಲೆಪಿಡಾಪ್ಟೆರ ಗಣಕ್ಕೆ ಸೇರಿದವು. ಗಣದೊಳಗೆ ಆತ ಮೂರೇ ಕುಲಗಳನ್ನು ಮಾಡಿದ: ಹಗಲಿನ ಚಿಟ್ಟೆಗಳು ಪ್ಯಾಪಿಲಿಯೊ, ಮುಸ್ಸಂಜೆಯಲ್ಲಿ ಹಾರುವ ಹಾಕ್ ಪತಂಗಗಳು ಸ್ಫಿಂಕ್ಸ್, ಉಳಿದ ಪತಂಗಗಳೆಲ್ಲ ಫ್ಯಾಲಿನ. ರೇಷ್ಮೆ ಹುಳುವಿನ ಪತಂಗ ಸಿಕ್ಕಿದ್ದು ಮೂರನೆಯದರಲ್ಲಿ. ಈ ವಿಂಗಡಣೆಯೇ ಮುಂದೆ 19ನೇ ಶತಮಾನದಲ್ಲಿ, ಮೀಸೆಯ ತುದಿ ಗುಂಡಾಗಿರುವ ರೋಪಲೋಸೆರ (ಚಿಟ್ಟೆಗಳು) ಮತ್ತು ಬೇರೆ ಬೇರೆ ಆಕಾರದ ಮೀಸೆಗಳ ಹೆಟೆರೋಸೆರ (ಪತಂಗಗಳು) ಎಂಬ ಜೋಡಿಯಾಗಿ ನೆಲೆಯೂರಿತು.

ಹೆಟೆರೋಸೆರದ ಭಾರತೀಯ ಅಧ್ಯಾಯ ಬಹುಮಟ್ಟಿಗೆ ನೀಲಗಿರಿಯಲ್ಲಿ ಶುರುವಾಯಿತು. ಚಹಾ ಬೆಳೆಯಲು ಅಲ್ಲಿಗೆ ಬಂದ ಜಾರ್ಜ್ ಫ್ರಾನ್ಸಿಸ್ ಹ್ಯಾಂಪ್ಸನ್ (1860–1936) ತೋಟದ ಸುತ್ತಲಿನ ಪತಂಗಗಳನ್ನು ಸಂಗ್ರಹಿಸಿದ. ಇಂಗ್ಲೆಂಡಿಗೆ ಮರಳಿದ ಮೇಲೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕುಳಿತು 1891ರಲ್ಲಿ ನೀಲಗಿರಿ ಜಿಲ್ಲೆಯ ಪತಂಗಗಳನ್ನು ಕುರಿತ ಸಚಿತ್ರ ಸಂಪುಟವನ್ನೂ, 1892ರಿಂದ 1896ರವರೆಗೆ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯ ನಾಲ್ಕು ಪತಂಗ ಸಂಪುಟಗಳನ್ನೂ ಹೊರತಂದ. ಭಾರತದಲ್ಲಿ ಪತಂಗ ಗುರುತಿಸಲು ಹೊರಟವರು ಇಂದಿಗೂ ಆ ಸಂಪುಟಗಳನ್ನು ತೆರೆಯದೆ ಇರಲಾರರು.

ಹ್ಯಾಂಪ್ಸನ್ನನ ವಿಧಾನದ ಬುನಾದಿ ರೆಕ್ಕೆಯ ನರಗಳು. ಪ್ರತಿ ನರಕ್ಕೂ ಸಂಖ್ಯೆ ಕೊಟ್ಟು, ಯಾವುದು ಎಲ್ಲಿಂದ ಹೊರಡುತ್ತದೆ, ಯಾವುದು ಕ್ಷೀಣವಾಗಿದೆ ಎಂದು ನೋಡುತ್ತ ಹಂತಹಂತವಾಗಿ ಕುಟುಂಬಕ್ಕೂ ಕುಲಕ್ಕೂ ತಲುಪುವ ಕೋಷ್ಟಕಗಳನ್ನು ಅವನು ಕಟ್ಟಿದ. ಸತ್ತು ಒಣಗಿದ ಮಾದರಿಯೊಂದೇ ಕೈಯಲ್ಲಿದ್ದಾಗ ಇದಕ್ಕಿಂತ ಶಿಸ್ತಿನ ದಾರಿ ಆಗ ಇರಲಿಲ್ಲ. ಅದರ ಮಿತಿಯೂ ಅಲ್ಲೇ ಇತ್ತು. ಹುಲಿಪತಂಗಗಳನ್ನು ಅವನ ಕಾಲದ ಗ್ರಂಥಗಳು ಪ್ರತ್ಯೇಕ ಕುಟುಂಬವಾಗಿ ನಿಲ್ಲಿಸಿದ್ದವು. 21ನೇ ಶತಮಾನದ ವಂಶವಾಹಿ ಅಧ್ಯಯನಗಳು ಅವನ್ನು ಎರೆಬಿಡೇ ಎಂಬ ದೊಡ್ಡ ಕುಟುಂಬದೊಳಗಿನ ಒಂದು ಉಪಕುಟುಂಬಕ್ಕೆ ಇಳಿಸಿವೆ. ನಾಕ್ಟುಯಿಡೇ ಎಂದು ಒಟ್ಟಿಗೆ ಕಟ್ಟಿದ್ದ ಹಲವಾರು ಪತಂಗಗಳೂ ಅದೇ ಎರೆಬಿಡೇಗೆ ಸರಿದಿವೆ.

ಕಾರವಾರದ ಪಾಠ

ಇದೇ ಕಾಲದಲ್ಲಿ ಉತ್ತರ ಕನ್ನಡದಲ್ಲಿ ಇನ್ನೊಂದು ಬಗೆಯ ಕೆಲಸ ನಡೆಯುತ್ತಿತ್ತು. ಅರಣ್ಯ ಇಲಾಖೆಯ ಥಾಮಸ್ ರೀಡ್ ಬೆಲ್ (1863–1948), ಆಡಳಿತಾಧಿಕಾರಿ ಜೇಮ್ಸ್ ಡೇವಿಡ್‌ಸನ್, ಉಪ್ಪು ಮತ್ತು ಸುಂಕದ ಇಲಾಖೆಯ ಇ.ಎಚ್. ಐಟ್ಕೆನ್ ಮೂವರೂ ಕಾರವಾರದ ಸುತ್ತಮುತ್ತ ಮರಿಹುಳುಗಳನ್ನು ಅವುಗಳ ಆಹಾರ ಸಸ್ಯದೊಂದಿಗೇ ತಂದು ಸಾಕಿದರು. ಮೊಟ್ಟೆಯಿಂದ ರೆಕ್ಕೆ ಬರುವವರೆಗಿನ ಒಂದೊಂದು ಅವಸ್ಥೆಯನ್ನೂ ಬರೆದಿಟ್ಟರು. ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಅವರ ಲೇಖನಮಾಲೆ 1890ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದ ಬೆಲ್, ಎಫ್.ಬಿ. ಸ್ಕಾಟ್ ಜೊತೆಗೂಡಿ 1937ರಲ್ಲಿ ‘ಫಾನಾ’ ಮಾಲೆಗೆ ಹಾಕ್ ಪತಂಗಗಳ ಸಂಪುಟ ಬರೆದ. ಮರಿಹುಳು, ಕೋಶ, ಆಹಾರ ಸಸ್ಯಗಳ ವಿವರಕ್ಕೆ ಅದರಲ್ಲಿ ಸಿಕ್ಕ ಜಾಗ ಹ್ಯಾಂಪ್ಸನ್ನನ ಸಂಪುಟಗಳಲ್ಲಿ ಸಿಕ್ಕಿರಲಿಲ್ಲ.

ಸಾಕಿ ನೋಡದೆ ರೆಕ್ಕೆಯನ್ನಷ್ಟೇ ನಂಬಿದರೆ ಆಗುವ ತಪ್ಪೇನು ಎಂಬುದಕ್ಕೆ ಕಾಮನ್ ಮಾರ್ಮನ್ ಚಿಟ್ಟೆ ಸಾಕು. ತೆರಕಣಾಂಬಿಯ ಹಿತ್ತಲಿನ ನಿಂಬೆ, ಕರಿಬೇವಿನ ಗಿಡಗಳಲ್ಲಿ ಇದರ ಹುಳು ಬೆಳೆಯುತ್ತದೆ. ಗಂಡು ಕಪ್ಪು, ಹಿಂಬದಿ ರೆಕ್ಕೆಯಲ್ಲಿ ಬಿಳಿ ಪಟ್ಟಿ. ಹೆಣ್ಣಿಗೆ ಮಾತ್ರ ಹಲವು ರೂಪ: ಒಂದು ಗಂಡಿನಂತೆಯೇ, ಇನ್ನೊಂದು ಕಾಮನ್ ರೋಸ್ ಚಿಟ್ಟೆಯಂತೆ, ಮತ್ತೊಂದು ಕ್ರಿಮ್ಸನ್ ರೋಸ್ ಚಿಟ್ಟೆಯಂತೆ. ರೋಸ್ ಚಿಟ್ಟೆಗಳ ಮೈಯಲ್ಲಿ ವಿಷವಿರುವುದರಿಂದ ಹಕ್ಕಿಗಳು ಅವನ್ನು ಬಿಟ್ಟುಬಿಡುತ್ತವೆ. ಅವುಗಳ ವೇಷ ತೊಟ್ಟ ಹೆಣ್ಣಿಗೂ ಆ ರಕ್ಷಣೆ ಸಿಗುತ್ತದೆ. ರೆಕ್ಕೆಯನ್ನಷ್ಟೇ ನೋಡಿದ ಪೀಟರ್ ಕ್ರೇಮರ್ 1775ರಲ್ಲಿ ಕ್ರಿಮ್ಸನ್ ರೋಸ್ ಹೋಲುವ ಹೆಣ್ಣಿಗೆ ರೋಮ್ಯುಲಸ್ ಎಂಬ ಬೇರೆ ಪ್ರಭೇದದ ಹೆಸರಿಟ್ಟ. ಇವೆಲ್ಲ ಒಂದೇ ಪ್ರಭೇದದ ಹೆಣ್ಣುಗಳು ಎಂದು 1865ರಲ್ಲಿ ಆಲ್‌ಫ್ರೆಡ್ ರಸೆಲ್ ವಾಲೆಸ್ ವಾದಿಸಿದ. ಅದರ ಆನುವಂಶಿಕ ಕಾರಣ ಬೆಳಕಿಗೆ ಬಂದದ್ದು 2014ರಲ್ಲಿ: ಲಿಂಗ ನಿರ್ಧಾರದಲ್ಲಿ ಪಾತ್ರವಿರುವ ಡಬಲ್‌ಸೆಕ್ಸ್ ಎಂಬ ಒಂದೇ ವಂಶವಾಹಿ ಈ ವೇಷಾಂತರವನ್ನು ನಿಯಂತ್ರಿಸುತ್ತದೆ ಎಂದು ಕೃಷ್ಣಮೇಘ್ ಕುಂಟೆ ಮತ್ತು ಸಹೋದ್ಯೋಗಿಗಳು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕುಂಟೆಯವರ ಪ್ರಯೋಗಾಲಯ ಇರುವುದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ.

ರೇಷ್ಮೆ ಮನೆಯ ವರ್ಗೀಕರಣ

18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಒತ್ತು ಕೊಟ್ಟ. ಮುಂದೆ ‘ಮೈಸೂರು ತಳಿ’ ಎಂದು ಹೆಸರಾದ ಹುಳು ಹಸಿರು ಮಿಶ್ರಿತ ಹಳದಿ ಗೂಡು ಕಟ್ಟುತ್ತದೆ. ಅದರ ಮೊಟ್ಟೆ ಚಳಿಗಾಲಕ್ಕೆ ಕಾಯದೆ ಒಡೆಯುವುದರಿಂದ ವರ್ಷಕ್ಕೆ ಹಲವು ಬೆಳೆ ತೆಗೆಯಬಹುದು. ಆದ್ದರಿಂದ ಅದು ಬಹುತಳಿ. ಜಪಾನ್, ಚೀನಾಗಳ ದ್ವಿತಳಿಗಳದು ಬೇರೆ ಗುಣ. ಗೂಡು ಬಿಳಿ, ನೂಲು ಹೆಚ್ಚು, ಆದರೆ ಮೊಟ್ಟೆ ಸುಪ್ತಾವಸ್ಥೆಗೆ ಹೋಗುತ್ತದೆ. ಅದನ್ನು ಎಬ್ಬಿಸಲು ತಂಪು ಬೇಕು, ಇಲ್ಲವೆ ಹೈಡ್ರೋಕ್ಲೋರಿಕ್ ಆಮ್ಲದ ಉಪಚಾರ ಬೇಕು. ಸುಪ್ತಾವಸ್ಥೆಯ ನಿರ್ಧಾರ ತಾಯಿಯ ದೇಹದಲ್ಲಿ ಸ್ರವಿಸುವ ಹಾರ್ಮೋನಿನದು; ತಾಯಿ ಮೊಟ್ಟೆಯೊಳಗಿದ್ದಾಗ ಅನುಭವಿಸಿದ ಶಾಖ ಮತ್ತು ಬೆಳಕು ದ್ವಿತಳಿಗಳಲ್ಲಿ ಅದರ ಮೇಲೆ ಪ್ರಭಾವ ಬೀರುತ್ತವೆ.

ಮೈಸೂರು ಸಂಸ್ಥಾನ 20ನೇ ಶತಮಾನದ ಎರಡನೇ ದಶಕದಲ್ಲಿ ಪ್ರತ್ಯೇಕ ರೇಷ್ಮೆ ಇಲಾಖೆ ತೆರೆದು, ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯನ್ನು ಕರೆಸಿಕೊಂಡಿತು. ಅಷ್ಟರಲ್ಲಿ ಮೆಂಡಲ್ ನಿಯಮ ರೇಷ್ಮೆ ಹುಳುವಿಗೂ ಅನ್ವಯವಾಗುತ್ತದೆಂದು ಜಪಾನಿನ ಕಮೆತಾರೊ ತೊಯಾಮ 1906ರಲ್ಲಿ ತೋರಿಸಿದ್ದ. ಆ ಬಳಿಕ ಇಲ್ಲಿ ಮೈಸೂರು ತಳಿಯ ಹೆಣ್ಣಿಗೆ ಹೊರದೇಶದ ದ್ವಿತಳಿ ಗಂಡನ್ನು ಕೂಡಿಸಿದ ಮಿಶ್ರತಳಿ ರೈತರ ಮನೆ ಸೇರಿತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಈ ಕೆಲಸವನ್ನು ಮುಂದುವರಿಸಿ ಎನ್‌ಬಿ4ಡಿ2, ಮುಂದೆ ಸಿಎಸ್‌ಆರ್2, ಸಿಎಸ್‌ಆರ್4 ಮುಂತಾದ ದ್ವಿತಳಿಗಳನ್ನು ರೂಪಿಸಿತು. ಚಾಮರಾಜನಗರ ಸೀಮೆಯ ಬೆಳೆಗಾರನಿಗೆ ಈ ಹೆಸರುಗಳು ಹೊಸವಲ್ಲ. ಚಾಕಿಯಿಂದ, ಅಂದರೆ ಎಳೆಹುಳುವಿನ ಹಂತದಿಂದ, ನಾಲ್ಕನೇ ಜ್ವರ (ಪೊರೆ ಕಳಚುವ ಅವಧಿ) ಎದ್ದು ಹುಳು ಗೂಡು ಕಟ್ಟುವ ಚಂದ್ರಿಕೆಗೆ ಏರುವ ತನಕ ಯಾವ ತಳಿ ಹೇಗೆ ನಡೆದುಕೊಳ್ಳುತ್ತದೆಂದು ಅವನಿಗೆ ಗೊತ್ತು.

ಈ ತಿಳಿವಳಿಕೆಗೆ ವಂಶವಾಹಿಯ ಆಧಾರವಿದೆಯೇ? 1995ರಲ್ಲಿ ಜಿ.ಎಂ. ನಾಗರಾಜ ಮತ್ತು ಜೆ. ನಾಗರಾಜು 13 ತಳಿಗಳ ಡಿಎನ್‌ಎ ಹೋಲಿಸಿದಾಗ ಅವು ಎರಡು ಗುಂಪಾಗಿ ಒಡೆದವು: ಮೊಟ್ಟೆ ಸುಪ್ತಾವಸ್ಥೆಗೆ ಹೋಗುವವು, ಹೋಗದವು. ರೈತರು ಬಹುತಳಿ, ದ್ವಿತಳಿ ಎಂದು ಹಾಕಿಕೊಂಡಿದ್ದ ಗೆರೆ ಇದೇ. ಇದೇ ನಾಗರಾಜು ಮುಂದೆ ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಕೇಂದ್ರದಲ್ಲಿ ಸಹೋದ್ಯೋಗಿಗಳ ಜೊತೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ, ಸಾಕಿದ ಬಾಂಬಿಕ್ಸ್ ಮೋರಿ ಚೀನಾದ ಕಾಡು ಪತಂಗ ಬಾಂಬಿಕ್ಸ್ ಮ್ಯಾಂಡರಿನಾದಿಂದ ಬಂದದ್ದೆಂದು ತೋರಿಸಿತು. 2009ರಲ್ಲಿ ಚೀನಾದ ತಂಡ 29 ಸಾಕು ತಳಿ, 11 ಕಾಡು ಮಾದರಿಗಳ ಸಂಪೂರ್ಣ ಜೀನೋಮ್ ಓದಿ, ಹುಳುವನ್ನು ಪಳಗಿಸಿದ್ದು ಒಂದೇ ಸಲ ನಡೆದ ಘಟನೆ ಎಂಬ ತೀರ್ಮಾನಕ್ಕೆ ಬಂತು.

ಕುಟುಂಬದ ಮಟ್ಟದಲ್ಲೂ ಸಂಬಂಧಗಳು ಸ್ಪಷ್ಟವಾದವು. ಟಸಾರ್, ಎರಿ, ಮುಗಾ ಹುಳುಗಳ ಸ್ಯಾಟರ್ನಿಯಿಡೇ, ಹಿಪ್ಪುನೇರಳೆ ರೇಷ್ಮೆಯ ಬಾಂಬಿಸಿಡೇ, ಬೆಲ್ ಸಾಕಿ ಬರೆದ ಹಾಕ್ ಪತಂಗಗಳ ಸ್ಫಿಂಜಿಡೇ ಮೂರೂ ಬಾಂಬಿಕಾಯ್ಡಿಯ ಮಹಾಕುಟುಂಬದ ಹತ್ತಿರದ ದಾಯಾದಿಗಳು. ಲಿನೇಯಸ್ ಹಾಕ್ ಪತಂಗವನ್ನೂ ರೇಷ್ಮೆ ಪತಂಗವನ್ನೂ ಬೇರೆ ಬೇರೆ ಕುಲದಲ್ಲಿಟ್ಟಿದ್ದ.

ಚಿಟ್ಟೆ ಎಂಬ ಕವಲು

ಇಡೀ ಗಣದ ವಂಶವೃಕ್ಷ ಇನ್ನೂ ದೊಡ್ಡ ಬದಲಾವಣೆ ತಂದಿತು. 2011ರ ಗಣತಿಯಂತೆ ಹೆಸರಿಸಿದ ಪತಂಗ–ಚಿಟ್ಟೆಗಳ ಸಂಖ್ಯೆ 1,57,424. ಅದರಲ್ಲಿ ಚಿಟ್ಟೆಗಳ ಪಾಲು 19,000ಕ್ಕೆ ಹತ್ತಿರ. ಚಿಟ್ಟೆಗಳು ಪತಂಗಗಳಿಗೆ ಎದುರಾಗಿ ನಿಲ್ಲುವ ಗುಂಪಲ್ಲ, ಪತಂಗಗಳ ಮರದೊಳಗಿನ ಒಂದು ಕವಲು. ಹಾಗಾಗಿ ಹೆಟೆರೋಸೆರ ಎಂಬುದು ನಿಜವಾದ ವಂಶಗುಂಪೇ ಅಲ್ಲ.

ಅಕಿಟೊ ಕವಹಾರ ಮತ್ತು ಸಹೋದ್ಯೋಗಿಗಳು 2019ರಲ್ಲಿ 186 ಪ್ರಭೇದಗಳ 2,098 ವಂಶವಾಹಿಗಳನ್ನು ಹೋಲಿಸಿ, ಈ ಗಣದ ಮೂಲ ಸುಮಾರು 30 ಕೋಟಿ ವರ್ಷ ಹಿಂದಿನದೆಂದು ಅಂದಾಜಿಸಿದರು. ಬಾವಲಿಗಳ ಕಾಟದಿಂದ ತಪ್ಪಿಸಿಕೊಳ್ಳಲು ಚಿಟ್ಟೆಗಳು ಹಗಲಿಗೆ ಬಂದವು, ಪತಂಗಗಳಿಗೆ ಕಿವಿ ಹುಟ್ಟಿತು ಎಂಬ ಹಳೆಯ ವಿವರಣೆ ಇದರಿಂದ ಅಲುಗಾಡಿತು. ಹಗಲು ಹಾರುವ ಚಿಟ್ಟೆಗಳೂ ಕೆಲವು ಪತಂಗಗಳ ಶ್ರವಣಾಂಗಗಳೂ ಬಾವಲಿಗಳಿಗಿಂತ ಬಹು ಹಿಂದಿನವು. ಅದೇ ಸಂಶೋಧಕರ ನೇತೃತ್ವದಲ್ಲಿ 2023ರಲ್ಲಿ ಸುಮಾರು 2,300 ಚಿಟ್ಟೆ ಪ್ರಭೇದಗಳ ಮೇಲೆ ನಡೆದ ಅಧ್ಯಯನ, ಚಿಟ್ಟೆಗಳು ಸುಮಾರು 10 ಕೋಟಿ ವರ್ಷಗಳ ಹಿಂದೆ ಅಮೆರಿಕ ಖಂಡದಲ್ಲಿ ಹುಟ್ಟಿದವೆಂದು ಹೇಳಿತು. ಆದಿಚಿಟ್ಟೆಯ ಹುಳು ತಿಂದದ್ದು ಅವರೆ, ತೊಗರಿಗಳು ಸೇರುವ ದ್ವಿದಳ ಸಸ್ಯಗಳ ಕುಟುಂಬದ ಎಲೆಯನ್ನು ಎಂಬುದು ಅದರ ಇನ್ನೊಂದು ಫಲಿತ. ಇಂಥ ತೀರ್ಮಾನಕ್ಕೆ ಬೇಕಾದ ಆಹಾರ ಸಸ್ಯಗಳ ಮಾಹಿತಿ ಬಂದದ್ದು, ಬೆಲ್‌ನಂತೆ ಹುಳು ಸಾಕಿದವರು ತಲೆಮಾರುಗಳಿಂದ ಕೂಡಿಟ್ಟ ದಾಖಲೆಗಳಿಂದ.

ಹೊಲಕ್ಕೆ ಬಂದ ಪ್ರಶ್ನೆ

ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳು ಅರಿಶಿನದ ನೆಲ. ಅರಿಶಿನದ ಸುಳಿ ಒಣಗಿಸುವ ಕಾಂಡಕೊರಕ ಕಾನೋಗೆತಿಸ್ ಕುಲದ್ದು. ಈ ಕುಲದ ಪತಂಗದ ಹಳದಿ ರೆಕ್ಕೆಯ ತುಂಬ ಕಪ್ಪು ಚುಕ್ಕಿಗಳು. ಹರಳು, ಏಲಕ್ಕಿ, ಶುಂಠಿಗಳಲ್ಲಿ ಸಿಗುವ ಕೊರಕವನ್ನೆಲ್ಲ 1854ರಲ್ಲಿ ಗೆನೆ ಇಟ್ಟ ಪಂಕ್ಟಿಫೆರಾಲಿಸ್ ಎಂಬ ಒಂದೇ ಹೆಸರಿನಿಂದ ಕರೆಯುವುದು ವಾಡಿಕೆಯಾಗಿತ್ತು. ಹರಳಿನ ಹುಳುವೂ ಏಲಕ್ಕಿಯ ಹುಳುವೂ ಒಂದೇ ಅಲ್ಲವೆಂಬ ಅನುಮಾನ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಎ.ಕೆ. ಚಕ್ರವರ್ತಿ ಮತ್ತು ಶಿಷ್ಯರಿಗೆ ಮೊದಲಿನಿಂದ ಇತ್ತು. 2018ರಲ್ಲಿ ಶಶಾಂಕ್, ಕಮ್ಮಾರ್, ಮ್ಯಾಲಿ ಮತ್ತು ಚಕ್ರವರ್ತಿ ಏಲಕ್ಕಿಯ ಹುಳುವನ್ನು ಕಾನೋಗೆತಿಸ್ ಸಹ್ಯಾದ್ರಿಯೆನ್ಸಿಸ್ ಎಂಬ ಹೊಸ ಪ್ರಭೇದವೆಂದು ಹೆಸರಿಸಿದರು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ರೆಕ್ಕೆಯ ಚುಕ್ಕಿಗಳು ಮರೆಸಿದ್ದನ್ನು ಹುಳು ತಿನ್ನುವ ಗಿಡ ಸೂಚಿಸಿತ್ತು.

ಅದೇ ವರ್ಷ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಅಮೆರಿಕ ಮೂಲದ ಸೈನಿಕ ಹುಳು ಭಾರತದಲ್ಲೇ ಮೊದಲ ಬಾರಿಗೆ ಪತ್ತೆಯಾಯಿತು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮುಂತಾದವರು ಅದನ್ನು ದಾಖಲಿಸಿದರು. ಹೊಲದಲ್ಲಿ ಅದನ್ನು ಗುರುತಿಸಲು ಪತಂಗ ಬೇಕಿಲ್ಲ. ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಹಿಂತುದಿಯ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿ ನೋಡಿದರೆ ಸಾಕು.

ಉಪಸಂಹಾರ

ಹ್ಯಾಂಪ್ಸನ್ನನ ಕೋಷ್ಟಕಗಳನ್ನು ಬದಿಗೆ ತಳ್ಳುವಂತಿಲ್ಲ. ಹೆಸರಿಲ್ಲದ ಪತಂಗಕ್ಕೆ ಮೊದಲ ವಿಳಾಸ ಇಂದಿಗೂ ಅಲ್ಲೇ ಸಿಗುವುದು. ಆದರೆ ಮಾರ್ಮನ್, ಮೈಸೂರು ತಳಿ, ಕಾನೋಗೆತಿಸ್ ಮೂರೂ ಒಂದೇ ಮಾತನ್ನು ಹೇಳುತ್ತವೆ: ಪ್ರಭೇದ ಮತ್ತು ತಳಿಯ ಗೆರೆ ಎಲ್ಲಿದೆಯೆಂಬ ಸುಳಿವನ್ನು ಹುಳುವಿನ ಬದುಕು ಕೊಡುತ್ತದೆ, ವಂಶವಾಹಿ ಅದನ್ನು ಖಚಿತಪಡಿಸುತ್ತದೆ. ಹುಳುವಿಗೆ ಸೊಪ್ಪು ಹಾಕಿ, ಜ್ವರದ ದಿನ ಎಣಿಸಿ ನೋಡುವ ಕಣ್ಣು ಚಾಮರಾಜನಗರ ಸೀಮೆಯಲ್ಲಿ ತಲೆಮಾರುಗಳಿಂದ ಪಳಗಿದೆ. ತೆರಕಣಾಂಬಿಯ ಅರಿಶಿನದ ಸುಳಿಯಲ್ಲಿ, ಸೂರ್ಯಕಾಂತಿಯ ತೆನೆಯಲ್ಲಿ, ಬೇಲಿಯ ಹರಳಿನಲ್ಲಿ ಸಿಗುವ ಹುಳುಗಳನ್ನು ಗಿಡದ ಹೆಸರು, ದಿನಾಂಕಗಳೊಂದಿಗೆ ಸಾಕಿ, ಹೊರಬಂದ ಪತಂಗದ ಡಿಎನ್‌ಎ ಮಾದರಿಯನ್ನೂ ಜೊತೆಗಿಟ್ಟರೆ, ರಾತ್ರಿ ದೀಪಕ್ಕೆ ಬಿದ್ದ ಪತಂಗಗಳ ಪಟ್ಟಿಗಿಂತ ಹೆಚ್ಚು ಬಾಳುವ ದಾಖಲೆ ಆಗುತ್ತದೆ. ಜಿಲ್ಲೆಯ ಕಾಲೇಜುಗಳ ಪ್ರಾಣಿವಿಜ್ಞಾನ ವಿಭಾಗಗಳು, ರೇಷ್ಮೆ ಇಲಾಖೆ ಮತ್ತು ರೈತರು ಜೊತೆಗೂಡಿ ಕೈಗೆತ್ತಿಕೊಳ್ಳಬಹುದಾದ ಕೆಲಸವಿದು. ಲಿಂಗಾಕರ್ಷಕ ಬಲೆಗೆ ಯಾವ ವಾಸನೆ ಇಡಬೇಕು, ಯಾವ ಬೆಳೆಯ ಪಕ್ಕದಲ್ಲಿ ಯಾವುದನ್ನು ಹಾಕಬಾರದು ಎಂಬ ರೈತನ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗುವುದು ಪ್ರಭೇದದ ಗುರುತು ಸರಿಯಾಗಿದ್ದಾಗ ಮಾತ್ರ.