ಓದುವ ಕೋಡು, ಓಡುವ ಕೋಡು

ಲೇಟೆಕ್ ಟೆಂಪ್ಲೇಟಿನಲ್ಲಿ ಮಹಾಪ್ರಬಂಧ ಬರೆಯುವವರು ತಮ್ಮ ಪ್ರೋಗ್ರಾಮಿನ ತುಣುಕನ್ನು ಅದರೊಳಗೆ ಸೇರಿಸಿದಾಗ ಎದುರಾಗುವ ತೊಡಕುಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಉದ್ದನೆಯ ಸಾಲು ಪುಟದ ಅಂಚು ದಾಟುತ್ತದೆ, ನೆಟ್ಟಗಿದ್ದ ಉದ್ಧರಣ ಚಿಹ್ನೆ ಬಾಗುತ್ತದೆ, ಅಡಿಟಿಪ್ಪಣಿಗೆ ಹಾಕಿದ ಕೋಡು ತಲೆಬುಡ ತಿಳಿಯದ ದೋಷಸೂಚನೆ ಕೊಟ್ಟು ನಿಂತುಬಿಡುತ್ತದೆ. ಟೆಂಪ್ಲೇಟ್ ಮಾಡಿದವರನ್ನು ಬೈಯುವುದು ರೂಢಿ. ಕೆಲವೊಮ್ಮೆ ಅದು ನ್ಯಾಯವೂ ಹೌದು. ಆದರೆ ರೋಗದ ಬೇರು ಟೆಂಪ್ಲೇಟಿಗಿಂತ ಹಳೆಯದು. ಕಣ್ಣಿಗೆ ಬೇಕಾದ ಕೋಡು ಬೇರೆ, ಯಂತ್ರಕ್ಕೆ ಬೇಕಾದ ಕೋಡು ಬೇರೆ ಎಂದು ಹಿಂದಿನವರು ಒಪ್ಪಿಕೊಂಡಿದ್ದರು. ಅಚ್ಚಾದ ಒಂದೇ ಪುಟ ಎರಡೂ ಕೆಲಸ ಮಾಡಲಿ ಎಂಬ ನಿರೀಕ್ಷೆ ಬಂದದ್ದು ಆಮೇಲೆ.

ಆಲ್ಗಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 1960ರ ವರದಿಯನ್ನೇ ನೋಡಿ. ಒಂದೇ ಭಾಷೆಗೆ ಅದು ಮೂರು ರೂಪಗಳನ್ನು ಹೇಳಿತು: ವ್ಯಾಖ್ಯಾನಕ್ಕೊಂದು, ಪ್ರಕಟಣೆಗೊಂದು, ಯಂತ್ರಕ್ಕೊಂದು. ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಇದೇ ಭೇದವನ್ನು ಇನ್ನೂ ಮುಂದಕ್ಕೊಯ್ದರು. 1977ರಲ್ಲಿ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ಕಂಡು ಬೇಸತ್ತು ಅಕ್ಷರಜೋಡಣೆಗೆ ಟೆಕ್ ಎಂಬ ಪ್ರೋಗ್ರಾಮು ಕಟ್ಟಲು ಹೊರಟ ಅವರು, ಮುಂದೆ ಆ ಟೆಕ್ ಅನ್ನೇ ವೆಬ್ ಎಂಬ ತಮ್ಮದೇ ಪದ್ಧತಿಯಲ್ಲಿ ಬರೆದರು (ಇಂದಿನ ಜಾಲಕ್ಕೂ ಇದಕ್ಕೂ ಸಂಬಂಧವಿಲ್ಲ). ಒಂದೇ ಮೂಲದಿಂದ ವೀವ್ ಎಂಬ ಸಾಧನ ಓದುಗರಿಗಾಗಿ ಪುಟ ಹೊರಡಿಸುತ್ತಿತ್ತು. ಅದರಲ್ಲಿ ಮುಖ್ಯ ಪದಗಳು ದಪ್ಪಕ್ಷರ, ಮೌಲ್ಯ ಕೊಡುವ ಚಿಹ್ನೆ ಅಂದವಾದ ಬಾಣ. ಟ್ಯಾಂಗಲ್ ಎಂಬ ಇನ್ನೊಂದು ಹೊರಡಿಸುತ್ತಿದ್ದ ಪ್ಯಾಸ್ಕಲ್ ಕೋಡು ಒತ್ತೊತ್ತಾಗಿ ತುಂಬಿದ, ಯಾರೂ ಓದಬಾರದೆಂದೇ ಮಾಡಿದಂಥ ಸಾಲುಗಳು. 1986ರಲ್ಲಿ ಟೆಕ್‌ನ ಇಡೀ ಪ್ರೋಗ್ರಾಮು ಪುಸ್ತಕವಾದಾಗ ಅಚ್ಚಾದದ್ದು ವೀವ್ ನೇಯ್ದ ರೂಪ. ಆ ಪುಟದಿಂದ ಕೋಡನ್ನು ನಕಲಿಸಿ ಓಡಿಸಬೇಕೆಂಬ ಯೋಚನೆ ಯಾರಿಗೂ ಇರಲಿಲ್ಲ.

ಹೀಗೆ ಕಣ್ಣಿಗಾಗಿ ಹುಟ್ಟಿದ ಟೆಕ್ ತಾನು ಓದುವ ಪ್ರತಿ ಅಕ್ಷರಕ್ಕೂ ಒಂದು ವರ್ಗ ಹಚ್ಚುತ್ತದೆ. ಶೇಕಡಾ ಚಿಹ್ನೆ ಬಂದರೆ ಸಾಲಿನ ಉಳಿದ ಭಾಗ ಬರಿಯ ಟಿಪ್ಪಣಿ. ಕೆಳಗೆರೆ ಬಂದರೆ ಗಣಿತದ ಪಾದಾಂಕ. ಸಿ ಭಾಷೆಯ ಕೋಡಿನಲ್ಲಿ ಇವೆರಡೂ ಹೆಜ್ಜೆಹೆಜ್ಜೆಗೂ ಬರುತ್ತವೆ. ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಟೆಕ್ ಮೇಲೆ ಕಟ್ಟಿದ ಲೇಟೆಕ್‌ನ ವರ್ಬ್ಯಾಟಿಮ್ ಪರಿಸರ ಈ ವರ್ಗಗಳನ್ನು ತಾತ್ಕಾಲಿಕವಾಗಿ ಅಳಿಸಿ, ಎಲ್ಲವನ್ನೂ ಸಾದಾ ಅಕ್ಷರವೆಂದು ಓದಿಸುತ್ತದೆ. ಉಪಾಯ ಒಳ್ಳೆಯದೇ, ಆದರೆ ಅಳಿಸುವ ಹೊತ್ತಿಗೆ ಅಕ್ಷರಗಳು ಇನ್ನೂ ಓದದೆ ಉಳಿದಿರಬೇಕು. ಅಡಿಟಿಪ್ಪಣಿಯ ಆಜ್ಞೆ ತನ್ನ ಒಡಲನ್ನೆಲ್ಲ ಮೊದಲೇ ಓದಿ, ವರ್ಗ ಹಚ್ಚಿ ಮುಗಿಸಿರುತ್ತದೆ. ವರ್ಬ್ಯಾಟಿಮ್ ಬರುವಾಗ ತಡವಾಗಿರುತ್ತದೆ. ಬಾಗಿದ ಉದ್ಧರಣ ಚಿಹ್ನೆಯದೂ ಇಂಥದೇ ಕಥೆ. ಕ್ನೂತ್ ಅವರ ಟೈಪ್‌ರೈಟರ್ ಅಕ್ಷರಮಾಲೆಯಲ್ಲಿ ನೆಟ್ಟಗಿನ ಚಿಹ್ನೆಯ ಜಾಗದಲ್ಲಿ ಕೂತಿರುವುದೇ ಅಚ್ಚಿಗೆ ಒಪ್ಪುವ ಬಾಗಿದ ಚಿಹ್ನೆ. ಅದನ್ನು ನೆಟ್ಟಗಾಗಿಸಲು ಅಪ್‌ಕೋಟ್ ಎಂಬ ಪುಟ್ಟ ಪ್ಯಾಕೇಜ್ ಬೇರೆಯೇ ಬೇಕಾಯಿತು.

ಇದೆಲ್ಲ ಹಳೆಯ ಸಾಧನದ ಕೊರತೆ, ಹೊಸದನ್ನು ಬಳಸಿದರೆ ಮುಗಿಯಿತು ಎಂದು ವಾದಿಸಬಹುದು. ಚರಿತ್ರೆ ಅದನ್ನು ಅಷ್ಟಾಗಿ ಬೆಂಬಲಿಸುವುದಿಲ್ಲ. ಕಾರ್ಸ್ಟನ್ ಹೈಂಟ್ಸ್ 1996ರಲ್ಲಿ ಹೊರತಂದ ಲಿಸ್ಟಿಂಗ್ಸ್ ಪ್ಯಾಕೇಜ್ ಬಣ್ಣ, ಸಾಲುಸಂಖ್ಯೆ, ಸಾಲು ಮುರಿಯುವ ಸೌಕರ್ಯ ಎಲ್ಲವನ್ನೂ ಕೊಟ್ಟಿತು. ಆದರೆ ಅದರ ಲೆಕ್ಕ ಒಂದು ಬೈಟಿಗೆ ಒಂದು ಅಕ್ಷರ, ಒಂದು ಅಕ್ಷರಕ್ಕೆ ಒಂದು ಮನೆ. ಯುಟಿಎಫ್-8ರಲ್ಲಿ ಜರ್ಮನ್ ಹೆಸರಿನ, ತಲೆಯ ಮೇಲೆ ಎರಡು ಚುಕ್ಕೆಯಿರುವ ಒಂದು ಸ್ವರ ಬಂದರೂ ಪಿಡಿಎಫ್‌ಲೇಟೆಕ್‌ನಲ್ಲಿ ಈ ಲೆಕ್ಕ ತಪ್ಪುತ್ತದೆ. ಕನ್ನಡದ ಒತ್ತಕ್ಷರವನ್ನಂತೂ ಕೇಳುವುದೇ ಬೇಡ. ಅನಂತರ ಬಂದ ಮಿಂಟೆಡ್ ಬಣ್ಣ ಹಚ್ಚುವ ಕೆಲಸವನ್ನು ಪೈಥಾನ್‌ನ ಪಿಗ್ಮೆಂಟ್ಸ್‌ಗೆ ವಹಿಸಿತು. ಅದಕ್ಕೆ ಲೇಟೆಕ್ ಹೊರಗಿನ ಆಜ್ಞೆ ಓಡಿಸಲು ಅನುಮತಿ ಬೇಕು, ಭದ್ರತೆಯ ಕಾರಣಕ್ಕೆ ಅದು ಸಾಮಾನ್ಯವಾಗಿ ಮುಚ್ಚಿರುತ್ತದೆ. ಇತ್ತೀಚಿನ ಆವೃತ್ತಿ ಈ ಬಿಗಿಯನ್ನು ಸಡಿಲಿಸಿದೆ, ಪೈಥಾನಿನ ಹಂಗು ಮಾತ್ರ ಉಳಿದಿದೆ.

ಕೋಡೆಲ್ಲ ಗಿಟ್ ಭಂಡಾರದಲ್ಲಿರಲಿ, ಪ್ರಬಂಧದಲ್ಲಿ ಏಕೆ ಎನ್ನುವ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಓಡಿಸುವವರಿಗೆ ಅದೇ ಸರಿ. ಆದರೆ ವಾದ ನಡೆಯುವುದು ಸಾಲಿನ ಮೇಲೆ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ 1970ರ ದಶಕದಲ್ಲಿ ಯುನಿಕ್ಸ್ ಆರನೆಯ ಆವೃತ್ತಿಯ ಕೋಡನ್ನು ಸಾಲುಸಂಖ್ಯೆಯೊಡನೆ ಅಚ್ಚು ಮಾಡಿಸಿ, ವ್ಯಾಖ್ಯಾನವನ್ನು ಬೇರೆ ಸಂಪುಟವಾಗಿ ಕೊಟ್ಟರು. ಪರವಾನಗಿಯ ನಿರ್ಬಂಧದಿಂದ 1996ರವರೆಗೆ ಅದು ಬಹಿರಂಗವಾಗಿ ಪ್ರಕಟವಾಗದಿದ್ದರೂ ಜೆರಾಕ್ಸ್ ಪ್ರತಿಗಳಲ್ಲಿ ಜನ ಓದಿದರು. ಅವರಿಗೆ ಬೇಕಿದ್ದದ್ದು ಓಡುವ ಯುನಿಕ್ಸ್ ಅಲ್ಲ, ಬೆರಳಿಟ್ಟು ಓದಬಹುದಾದ ಸಾಲು. ಪರೀಕ್ಷಕರಿಗೂ ಬೇಕಾದದ್ದು ಅದೇ.

ಹಾಗಾಗಿ ಕೋಡನ್ನು ಪ್ರಬಂಧಕ್ಕೆ ಅಂಟಿಸುವುದಕ್ಕಿಂತ ನಿಜವಾದ ಕಡತದಿಂದಲೇ ತರಿಸುವ ಲಿಸ್ಟಿಂಗ್ಸ್‌ನ ಆಜ್ಞೆ ನನಗೆ ಹೆಚ್ಚು ಸರಿಯೆನಿಸುತ್ತದೆ: ಓಡುವ ಪ್ರತಿ ಕಡತದಲ್ಲಿ, ಓದುವ ಪ್ರತಿ ಪುಟದಲ್ಲಿ. ಇದಕ್ಕೂ ಒಂದು ಕುಂದಿದೆ. ಸಾಲುಸಂಖ್ಯೆ ಕೊಟ್ಟು ತರಿಸಿದರೆ ಕಡತ ತಿದ್ದಿದಾಗ ಬೇರೆ ಸಾಲುಗಳು ಸದ್ದಿಲ್ಲದೆ ಅಚ್ಚಾಗುತ್ತವೆ. ಅದಕ್ಕೆ ತುಣುಕಿನ ಮೊದಲು, ಕೊನೆಗೆ ಕೋಡಿನ ಟಿಪ್ಪಣಿಯಲ್ಲೇ ಒಂದು ಗುರುತು ಬರೆದಿಡಬಹುದು. ಕಂಪೈಲರ್ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಲಿಸ್ಟಿಂಗ್ಸ್ ಹುಡುಕುವುದು ಅದನ್ನೇ.