ಆಯುಧವನ್ನು ಕೊಡುವ ಕೈ: ದೇಶದ ಕಾನೂನು ಮತ್ತು ಕೊಡಗಿನ ವಿನಾಯಿತಿ

ಪ್ರಜೆಯ ಮನೆಯಲ್ಲಿ ಆಯುಧವಿರಬಹುದೇ ಎಂಬ ಪ್ರಶ್ನೆಗೆ ಎಲ್ಲ ಕಾಲದ, ಎಲ್ಲ ದೇಶಗಳ ಪ್ರಭುತ್ವಗಳೂ ಉತ್ತರ ಹೇಳಬೇಕಾಗಿ ಬಂದಿದೆ. ಭಾರತದಲ್ಲಿ ಈ ಉತ್ತರವು ಇಡೀ ದೇಶಕ್ಕೆ ಒಂದೇ ಕಾನೂನಿನ ರೂಪದಲ್ಲಿದೆ. ಆದರೂ ಕರ್ನಾಟಕದೊಳಗೇ ಒಂದು ಜಿಲ್ಲೆಯ ಗಡಿ ದಾಟಿದರೆ ಆ ಉತ್ತರ ಬದಲಾಗುತ್ತದೆ. ಸುಳ್ಯದ ಕೃಷಿಕನು ತನ್ನ ತೋಟದ ರಕ್ಷಣೆಗೆ ಕೋವಿ ಇಟ್ಟುಕೊಳ್ಳಬೇಕಾದರೆ ಪರವಾನಗಿ ಪಡೆಯಬೇಕು. ಪಕ್ಕದ ಕೊಡಗಿನಲ್ಲಿ ಕೊಡವ ಮನೆತನದವನಿಗೂ ಜಮ್ಮಾ ಭೂಮಿಯ ಹಿಡುವಳಿದಾರನಿಗೂ ಆ ಪರವಾನಗಿ ಬೇಕಿಲ್ಲ. ಈ ಭೇದವು ಹೇಗೆ ಉಂಟಾಯಿತು, ಅದರಿಂದ ಶ್ರಾವಕರಾದ ನಾವು ಏನನ್ನು ಗ್ರಹಿಸಬೇಕು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

1857ರ ದಂಗೆಯ ನಂತರ ಬ್ರಿಟಿಷ್ ಸರಕಾರವು ಭಾರತೀಯರನ್ನು ನಿರಾಯುಧರನ್ನಾಗಿಸುವ ನೀತಿಯನ್ನು ಕೈಗೊಂಡಿತು. ಆ ನೀತಿಯ ಪೂರ್ಣರೂಪವೇ ವೈಸರಾಯ್ ಲಿಟ್ಟನ್ನನ ಕಾಲದಲ್ಲಿ ಜಾರಿಗೆ ಬಂದ 1878ರ ಆಯುಧ ಕಾಯಿದೆ. ಭಾರತೀಯನು ಬಂದೂಕು ಹೊಂದಲು ಪರವಾನಗಿ ಪಡೆಯಬೇಕಾಗಿತ್ತು. ಯುರೋಪಿಯನ್ನರಿಗೆ ಅದರಿಂದ ವಿನಾಯಿತಿಯಿತ್ತು. ಆದುದರಿಂದ ರಾಷ್ಟ್ರೀಯ ಚಳವಳಿಯ ನಾಯಕರಿಗೆ ಈ ಕಾಯಿದೆಯು ಆಯುಧದ ಪ್ರಶ್ನೆಗಿಂತ ಹೆಚ್ಚಾಗಿ ಅಪಮಾನದ ಪ್ರಶ್ನೆಯಾಗಿ ಕಂಡಿತು. 1928ರ ನೆಹರೂ ವರದಿಯೂ 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯವೂ ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದನ್ನು ಪ್ರಜೆಯ ಹಕ್ಕುಗಳ ಸಾಲಿಗೆ ಸೇರಿಸಿದವು. ಅಹಿಂಸೆಯನ್ನೇ ಉಸಿರಾಗಿಸಿಕೊಂಡ ಗಾಂಧೀಜಿಯವರು 1930ರಲ್ಲಿ ಸರಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿಯೂ, ಜನತೆಯ ನಿಯಂತ್ರಣಕ್ಕೆ ಒಳಪಟ್ಟು ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ನೀಡಬೇಕೆಂಬುದು ಒಂದಾಗಿತ್ತು. ಬಲವಂತದಿಂದ ಆಯುಧವನ್ನು ಕಸಿದುಕೊಂಡ ಮಾತ್ರಕ್ಕೆ ಮನುಷ್ಯನು ಅಹಿಂಸಕನಾಗುವುದಿಲ್ಲವೆಂಬ ವಿವೇಕ ಇದರಲ್ಲಿ ಅಡಗಿದೆ.

ಸ್ವಾತಂತ್ರ್ಯ ಬಂದ ಮೇಲೆ ಚಿಂತನೆಯ ದಿಕ್ಕು ಬದಲಾಯಿತು. 1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಎಚ್. ವಿ. ಕಾಮತರು ಆಯುಧ ಹೊಂದುವ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿ ಸೂಚಿಸಿದರು. ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ, ಸಭೆಯೂ ಅಂಗೀಕರಿಸಲಿಲ್ಲ. ಸಂವಿಧಾನದ 19ನೆಯ ವಿಧಿಯು ಪ್ರಜೆಗಳಿಗೆ ಸಭೆ ಸೇರುವ ಹಕ್ಕನ್ನು ಕೊಟ್ಟಿತು, ಆದರೆ ಶಾಂತವಾಗಿ ಮತ್ತು ನಿರಾಯುಧರಾಗಿ. 25ನೆಯ ವಿಧಿಯ ವಿವರಣೆಯಲ್ಲಿ ಸಿಖ್ಖರು ಕಿರ್ಪಾಣ ಧರಿಸುವುದನ್ನು ಅವರ ಧರ್ಮಾಚರಣೆಯ ಭಾಗವೆಂದು ಮನ್ನಿಸಲಾಯಿತು. ಬಂದೂಕು ಮತ್ತು ಮದ್ದುಗುಂಡುಗಳ ಕುರಿತು ಶಾಸನ ಮಾಡುವ ಅಧಿಕಾರ ಕೇಂದ್ರಕ್ಕೆ ಸೇರಿತು. ಶಾಂತಿಪಾಲನೆಯೂ ಪೊಲೀಸ್ ವ್ಯವಸ್ಥೆಯೂ ರಾಜ್ಯಗಳಿಗೆ ಉಳಿದವು.

ಈ ಹಂಚಿಕೆಯ ಮೇಲೆ ನಿಂತಿರುವುದು 1959ರ ಆಯುಧ ಅಧಿನಿಯಮ. ಅದು 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಇಪ್ಪತ್ತೊಂದು ವರ್ಷ ತುಂಬದವರಿಗೆ ಸಾಮಾನ್ಯವಾಗಿ ಬಂದೂಕು ಹೊಂದಲು ಅವಕಾಶವಿಲ್ಲ. ಮೊದಲು ಒಬ್ಬನು ಎಷ್ಟು ಬಂದೂಕುಗಳನ್ನಿಟ್ಟುಕೊಳ್ಳಬಹುದೆಂಬ ಮಿತಿಯಿರಲಿಲ್ಲ. 1983ರ ತಿದ್ದುಪಡಿ ಅದನ್ನು ಮೂರಕ್ಕೆ, 2019ರ ತಿದ್ದುಪಡಿ ಎರಡಕ್ಕೆ ಇಳಿಸಿದವು. ಬೆಳೆಯ ರಕ್ಷಣೆಗಾಗಿ ಮೂತಿಯಿಂದ ಮದ್ದು ತುಂಬುವ ಕೋವಿಯನ್ನು ಕೇಳುವ ರೈತನ ಬಗ್ಗೆ ಈ ಅಧಿನಿಯಮ ಉದಾರವಾಗಿದೆ. ಕಾನೂನು ಒಂದೇ ಆದರೂ ಪರವಾನಗಿ ಕೊಡುವುದು ಬಹುಮಟ್ಟಿಗೆ ಜಿಲ್ಲಾಡಳಿತದ ಕೈಯಲ್ಲಿರುವುದರಿಂದ ಅದರ ಅನುಷ್ಠಾನ ಊರಿಂದೂರಿಗೆ ಬೇರೆಯಾಗುತ್ತದೆ. ಚುನಾವಣೆ ಬಂದಾಗ ಠಾಣೆಯಲ್ಲಿ ಕೋವಿಯನ್ನು ಠೇವಣಿ ಇಡಬೇಕಾದ ತೊಂದರೆಯನ್ನು ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರು ಚೆನ್ನಾಗಿ ಬಲ್ಲರು. ಅವರಲ್ಲಿ ನಮ್ಮ ಸಮಾಜದ ಮನೆತನಗಳೂ ಇವೆ.

ಇನ್ನು ಕೊಡಗಿನ ವಿಚಾರ. 1834ರಲ್ಲಿ ಚಿಕ್ಕವೀರರಾಜೇಂದ್ರನ ರಾಜ್ಯವು ಕಂಪನಿಯ ವಶವಾಯಿತು. ಹಾಲೇರಿ ಅರಸರ ಕಾಲದಲ್ಲಿ ಯುದ್ಧಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಅನುಭವಿಸಲು ಕೊಟ್ಟ ಭೂಮಿಯೇ ಜಮ್ಮಾ. ಆ ಭೂಮಿಯೊಡನೆ ಆಯುಧವೂ ಮನೆಗೆ ಬಂದಿತ್ತು. ಉಳಿದೆಡೆ ಆಯುಧಗಳನ್ನು ಕಿತ್ತುಕೊಳ್ಳುತ್ತಿದ್ದ ಸರಕಾರವು 1861ರಲ್ಲಿ, ಮಾರ್ಕ್ ಕಬ್ಬನ್ನರು ಕಮಿಷನರರಾಗಿದ್ದಾಗ, ಕೊಡವರ ನಿಷ್ಠೆ ಮತ್ತು ಶೌರ್ಯಗಳನ್ನು ಹೊಗಳಿ ಅವರಿಗೆ ವಿನಾಯಿತಿ ನೀಡಿತು. ಆಳುವವರಿಗೆ ಯಾರಲ್ಲಿ ನಂಬಿಕೆಯಿತ್ತೋ ಅವರ ಕೈಯಲ್ಲಿ ಆಯುಧ ಉಳಿಯಿತು ಎಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಬಾರದು. 1956ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದ ಮೇಲೆಯೂ, ಹೊಸ ಅಧಿನಿಯಮ ಬಂದ ಮೇಲೆಯೂ ಈ ವಿನಾಯಿತಿ ಮುಂದುವರಿಯಿತು. ಕೇಂದ್ರ ಸರಕಾರವು ಅಧಿನಿಯಮದ 41ನೆಯ ಕಲಮಿನ ಅಧಿಕಾರದಿಂದ 2019ರ ಅಕ್ಟೋಬರಿನಲ್ಲಿ ಅದನ್ನು ಮತ್ತೆ ಹತ್ತು ವರ್ಷ, ಅಂದರೆ 2029ರವರೆಗೆ, ವಿಸ್ತರಿಸಿತು.

ಕುಲ ಮತ್ತು ಭೂಮಿಗಳ ಆಧಾರದ ಮೇಲೆ ಕೊಟ್ಟ ಈ ವಿನಾಯಿತಿ ಸಮಾನತೆಗೆ ವಿರುದ್ಧವೆಂದು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಯಿತು. ನ್ಯಾಯಾಲಯವು ಕೊಡವರ ಕ್ಷಾತ್ರ ಪರಂಪರೆಯನ್ನು ಪರಿಗಣಿಸಿ, ವಿನಾಯಿತಿಯು ಷರತ್ತುಗಳಿಗೆ ಒಳಪಟ್ಟಿದೆ, ನಿಗದಿತ ಅವಧಿಗೆ ಮಾತ್ರ ಸೀಮಿತವಾಗಿದೆ ಎಂಬುದನ್ನು ಗಮನಿಸಿ, 2021ರ ಸೆಪ್ಟೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಪ್ರಶ್ನಿಸಿದವರ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಕಾಡುಹಂದಿಯ ಕಾಟ ಗಡಿಯ ಎರಡೂ ಕಡೆ ಒಂದೇ ಆಗಿರುವಾಗ ಒಬ್ಬನಿಗೆ ಕಾಗದಪತ್ರಗಳ ಅಲೆದಾಟ, ಇನ್ನೊಬ್ಬನಿಗೆ ಜನ್ಮಸಿದ್ಧ ಅವಕಾಶ ಏಕೆಂದು ಕೇಳುವುದು ಸಹಜ. ಆದರೆ ಕೊಡಗಿನ ಮನೆಗಳಲ್ಲಿ ಕೋವಿಗೆ ಸಂಪ್ರದಾಯದ ಕಟ್ಟುಪಾಡೂ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದನ್ನು ಹೂವಿಟ್ಟು ಪೂಜಿಸುತ್ತಾರೆ; ಗಂಡುಮಗು ಹುಟ್ಟಿದಾಗ, ಮನೆಯಲ್ಲಿ ಸಾವು ಸಂಭವಿಸಿದಾಗ ಗುಂಡು ಹಾರಿಸಿ ಊರಿಗೆ ತಿಳಿಸುವ ವಾಡಿಕೆಯಿದೆ. ಕಾನೂನು ಬಿಟ್ಟುಕೊಟ್ಟ ನಿಯಂತ್ರಣದ ಒಂದು ಭಾಗವನ್ನು ಹಿರಿಯರೂ ಪದ್ಧತಿಯೂ ಹೊರಬೇಕಾಗುತ್ತದೆ. ವಿನಾಯಿತಿಯಿರುವುದು ಪರವಾನಗಿಯ ಅಗತ್ಯದಿಂದ ಮಾತ್ರ. ಕೋವಿಯಿದೆಯೆಂದು ಬೇಟೆಯಾಡುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಕೊಡಗಿಗೂ ಅನ್ವಯಿಸುತ್ತದೆ.

ಜೈನಾಚಾರವು ಆಯುಧದ ಪ್ರಶ್ನೆಯನ್ನು ಎಂದೂ ಕಣ್ಣುಮುಚ್ಚಿ ದಾಟಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕ. ಅನೇಕ ಬಸದಿಗಳನ್ನು ಉದ್ಧರಿಸಿದ ಗಂಗರಾಜನು ಹೊಯ್ಸಳರ ದಂಡನಾಯಕ. ಗೃಹಸ್ಥನು ಸಂಕಲ್ಪಹಿಂಸೆಯನ್ನು ಸರ್ವಥಾ ತ್ಯಜಿಸಬೇಕೆಂದು ವಿಧಿಸಿದ ನಮ್ಮ ಶಾಸ್ತ್ರಕಾರರು ವಿರೋಧಿಹಿಂಸೆಯನ್ನು ಬೇರೆಯಾಗಿಯೇ ವಿವೇಚಿಸಿದ್ದಾರೆ. ಆದರೆ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಎಣಿಸುವ ಐದು ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದು. ಕತ್ತಿ, ಕೊಡಲಿ, ಬೆಂಕಿ ಮೊದಲಾದ ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದೇ ದೋಷವೆಂದು ಅದು ಪರಿಗಣಿಸುತ್ತದೆ. ಹೊಡೆದವನ ಜೊತೆಗೆ ಕೊಟ್ಟವನನ್ನೂ ಅದು ಪ್ರಶ್ನಿಸುತ್ತದೆ.

ದೇಶದ ಕಾನೂನೂ ಈ ವಿಷಯದಲ್ಲಿ ಅದೇ ಸ್ಥಳಕ್ಕೆ ಬಂದು ಸೇರಿರುವುದು ಗಮನಾರ್ಹ. ಆಯುಧ ಅಧಿನಿಯಮದ 29ನೆಯ ಕಲಮಿನ ಪ್ರಕಾರ, ಪಡೆಯುವವನಿಗೆ ಕಾನೂನಿನಂತೆ ಅರ್ಹತೆಯಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಆಯುಧವನ್ನು ಒಪ್ಪಿಸುವವನು ಶಿಕ್ಷಾರ್ಹ. ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದರೆ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದೆಂದು 2019ರ ತಿದ್ದುಪಡಿ ಸೇರಿಸಿತು.

ಆದುದರಿಂದ ತೋಟದ ರಕ್ಷಣೆಗೆ ಕೋವಿ ಇಟ್ಟಿರುವ ನಮ್ಮ ಮನೆಗಳು ತಮ್ಮನ್ನು ತಾವೇ ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ಬೀಗದ ಕೈ ಯಾರ ಬಳಿಯಿದೆ? ನೆರೆಯವನು ಒಂದು ರಾತ್ರಿಗೆಂದು ಕೇಳಿದರೆ ದಾಕ್ಷಿಣ್ಯಕ್ಕೆ ಕೊಡುತ್ತೇವೆಯೇ? ಅಜ್ಜನ ಕಾಲದ ಕೋವಿ ಉಪಯೋಗವಿಲ್ಲದೆ ಅಟ್ಟದಲ್ಲಿದ್ದರೆ ಅದನ್ನು ಕ್ರಮಬದ್ಧವಾಗಿ ಠಾಣೆಗೆ ಒಪ್ಪಿಸಲು ಏನು ಅಡ್ಡಿ? ಪ್ರಾಚೀನ ಬಿಂಬಗಳ ಕಳವಿನ ಭಯದಿಂದ ಸಶಸ್ತ್ರ ಕಾವಲುಗಾರನನ್ನು ನೇಮಿಸಲು ಯೋಚಿಸುವ ಬಸದಿಯ ಆಡಳಿತ ಮಂಡಳಿಯೂ ಮೊದಲು ಗಟ್ಟಿಯಾದ ಬಾಗಿಲು, ದೀಪ, ಬಿಂಬಗಳ ಛಾಯಾಚಿತ್ರ ಸಹಿತ ದಾಖಲೆ, ಸರದಿಯ ಕಾವಲು ಇವುಗಳನ್ನು ಸರಿಪಡಿಸಿದೆಯೇ ಎಂದು ನೋಡಬೇಕು. ಆಯುಧವನ್ನು ತರಿಸುವ ನಿರ್ಣಯಕ್ಕೆ ಸಹಿ ಹಾಕುವವರೂ ಕೊಡುವವರೇ ಆಗುತ್ತಾರೆ.

ಪ್ರಭುತ್ವವು ಒಂದು ಪ್ರದೇಶಕ್ಕೆ ಪರವಾನಗಿಯನ್ನು ವಿಧಿಸಬಹುದು, ಇನ್ನೊಂದಕ್ಕೆ ವಿನಾಯಿತಿಯನ್ನು ನೀಡಬಹುದು. ಆ ಗೆರೆಗಳು ಕಾಲಾನುಸಾರ ಬದಲಾಗುತ್ತವೆ. ಅಣುವ್ರತಿಗೆ ಮಾತ್ರ ಯಾವ ಜಿಲ್ಲೆಯಲ್ಲಿಯೂ ಹಿಂಸಾದಾನದಿಂದ ವಿನಾಯಿತಿಯಿಲ್ಲ.